ಬೆರಳೆತ್ತರದ ಸೇನೆಗೊಬ್ಬ ಶತ್ರು

ನಮ್ಮ ಮನೆಗೆ ಬಂದವರೆಲ್ಲ ನನ್ನ ಸೈನಿಕರನ್ನು ತಲೆ ಹಿಡಿದೇ ಎತ್ತುತ್ತಾರೆ. ಸಂತೆಯಲ್ಲಿ ಮೂಲಂಗಿ ಆರಿಸುವವರು ಕೂಡ ಅಷ್ಟು ನಿರ್ದಾಕ್ಷಿಣ್ಯವಾಗಿ ಕೈಹಾಕುವುದಿಲ್ಲ. ಎತ್ತಿದ ಮೇಲೆ ಹಿಂದುಮುಂದು ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಕೊನೆಗೆ ಕೇಳುವ ಪ್ರಶ್ನೆಯೂ ಒಂದೇ: ಮೊಮ್ಮಕ್ಕಳಿಗೆ ತಂದಿದ್ದೋ? ನನಗೆ ಮೊಮ್ಮಕ್ಕಳಿಲ್ಲ. ಇದ್ದಿದ್ದರೂ ಆ ಗಾಜಿನ ಬೀರುವಿನ ಹತ್ತಿರ ಅವರನ್ನು ಸುಳಿಯಗೊಡುತ್ತಿರಲಿಲ್ಲ.

ಓದುಗ ಮಿತ್ರರೇ, ನೀವೂ ಇಷ್ಟರಲ್ಲಿ ತುಟಿ ಕೊಂಕಿಸಿರಬಹುದು. ಆದ್ದರಿಂದ ವಿಷಯ ಹೇಳಿಬಿಡುತ್ತೇನೆ. ಶಿಕಾರಿಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುವ ನಾನು, ಬಿಡುವಿನಲ್ಲಿ ಮೇಜಿನ ಮೇಲೆ ಯುದ್ಧ ಮಾಡುತ್ತೇನೆ. ಥರ್ಮಾಕೋಲಿನ ಗುಡ್ಡ, ಮರದ ಹೊಟ್ಟಿನ ಗದ್ದೆ, ಅವುಗಳ ನಡುವೆ ಹೆಬ್ಬೆರಳೆತ್ತರದ ಯೋಧರು. ಯಾರು ಎಷ್ಟು ದೂರ ನಡೆಯಬೇಕೆಂಬುದನ್ನು ಅಳತೆಪಟ್ಟಿ ಹೇಳುತ್ತದೆ, ಯಾರಿಗೆ ಗುಂಡು ತಗುಲಿತೆಂಬುದನ್ನು ದಾಳ ಹೇಳುತ್ತದೆ. ಕಾರ್ಖಾನೆಯಿಂದ ಬರುವಾಗ ಈ ಯೋಧರೆಲ್ಲ ಒಂದೇ ಅಚ್ಚಿನ ನಿಸ್ತೇಜ ಪ್ಲಾಸ್ಟಿಕ್ ಜೀವಿಗಳು. ಒಬ್ಬನ ತೋಳು ಕತ್ತರಿಸಿ ಇನ್ನೊಬ್ಬನ ಭುಜಕ್ಕೆ ಅಂಟಿಸಿ, ರುಂಡ ಬದಲಿಸಿ, ಉಸಿರು ಬಿಗಿಹಿಡಿದು ಕಣ್ಣಿಗೆ ಬಿಳಿಯಿಟ್ಟು, ಅದರೊಳಗೆ ಮತ್ತೆ ಕಪ್ಪಿಟ್ಟಾಗಲೇ ಅವರು ಮನುಷ್ಯರಾಗುವುದು. ಆಟಿಕೆಯ ಕಸದ ಲಾರಿ ನನ್ನ ಕೈಯಲ್ಲಿ ಕವಚದ ರಥವಾಗುತ್ತದೆ. ಮುಗಿದ ಪೆನ್ನಿನ ರೀಫಿಲ್ಲು ಅದಕ್ಕೆ ಫಿರಂಗಿ. ಸಾಸಿವೆಯಷ್ಟು ಕಣ್ಣಿಗೆ ಇಷ್ಟು ಶ್ರದ್ಧೆಯಿಂದ ಬಣ್ಣ ಹಚ್ಚುವ ಗಂಡ, ತುಕ್ಕು ಹಿಡಿದ ಗೇಟಿಗೆ ಒಂದು ಕೈ ಬಳಿಯಲಾರನೇ ಎಂದು ನನ್ನಾಕೆ ಕೇಳುವುದುಂಟು. 

ಊರಿನ ಗಣ್ಯರ ಅಭಿಪ್ರಾಯದಲ್ಲಿ ಇದು ಕೆಲಸವಿಲ್ಲದವನ ಕೆಲಸ. ಹಾಗೆನ್ನುವವರ ಕೆಲಸವನ್ನಾದರೂ ನೋಡೋಣ. ನಮ್ಮ ಪಕ್ಕದ ಮನೆಯವರು ದಿನಕ್ಕೆರಡು ಸಲ ಕಾರು ಒರೆಸಿ, ಬಟ್ಟೆ ಹೊದಿಸಿ ಮಲಗಿಸುತ್ತಾರೆ. ಓಡಿಸುವುದು ಮಾತ್ರ ಇಲ್ಲ. ನನ್ನ ಆಟಿಕೆ ಗಾಡಿಗಳನ್ನು ಕಂಡು ಹೆಚ್ಚು ನಗುವವರು ಅವರೇ. ಸಂಜೆಯೆಲ್ಲ ಯಾರ ಸೈಟು ಎಷ್ಟಕ್ಕೆ ಹೋಯಿತೆಂದು ಅಳೆಯುವ ಸಹೋದ್ಯೋಗಿ, ನನ್ನ ಅಳತೆಪಟ್ಟಿ ನೋಡಿ ಮರುಕಪಡುತ್ತಾರೆ. ಬಳ್ಳಿಗಾವಿಯ ವೀರಗಲ್ಲುಗಳ ಮೇಲೂ ಹೆಚ್ಚುಕಡಿಮೆ ಇದೇ ಗಾತ್ರದ ಯೋಧರು ಕಾದಾಡುತ್ತಿದ್ದಾರೆ. ಅವರನ್ನು ಯಾರೂ ಮೊಮ್ಮಕ್ಕಳಿಗಾ ಎಂದು ಕೇಳುವುದಿಲ್ಲ.

ಶೇಖರಪ್ಪನವರು ಬಂದದ್ದು ಮಗಳ ಕಾಲೇಜು ಪ್ರವೇಶದ ವಿಚಾರವಾಗಿ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವರು. ಗದ್ದೆ ತೋಟದ ಜೊತೆಗೆ ಗೊಬ್ಬರದ ಅಂಗಡಿಯೂ ಉಂಟು, ಅಂಗಡಿಯ ಆಚೆಯವರೆಗೆ ಕೇಳಿಸುವ ಗಂಟಲೂ ಉಂಟು. ಅವರೂ ನನ್ನ ದಳಪತಿಯನ್ನು ತಲೆ ಹಿಡಿದೇ ಎತ್ತಿದರು. ಆದರೆ ಕೇಳಿದ್ದು ಬೇರೆ.

“ಇವರು ಯಾರ ಮೇಲೆ ಯುದ್ಧಕ್ಕೆ ಹೋಗ್ತಾರ್ರೀ?”

ಅಷ್ಟು ವರ್ಷ ಸೇನೆ ಕಟ್ಟಿದ್ದೆನೇ ಹೊರತು ನನಗೆ ಶತ್ರು ಇರಲಿಲ್ಲ; ಮೇಜಿನ ಎರಡೂ ಬದಿ ನಾನೇ ಓಡಾಡಿ, ನನ್ನನ್ನು ನಾನೇ ಸೋಲಿಸಿಕೊಳ್ಳುತ್ತಿದ್ದೆ. ಆ ದಿನವೇ ಅವರನ್ನು ಕೂರಿಸಿ ಆಟ ಕಲಿಸಿದೆ. ಒಂದೆರಡು ತಿಂಗಳಲ್ಲಿ ಶೇಖರಪ್ಪನವರು ತಮ್ಮದೇ ಸೇನೆ ಕಟ್ಟಿಕೊಂಡು ಭಾನುವಾರದ ಬಸ್ಸಿನಲ್ಲಿ ಬಂದಿಳಿದರು.

ಸೇನೆಯೆಂದೆನೇ? ಆ ಪದ ನನ್ನನ್ನು ಕ್ಷಮಿಸಲಿ. ಅವರು ಬಳಸಿದ್ದು ದೀಪಾವಳಿಗೆ ಎತ್ತಿನ ಕೊಂಬಿಗೆ ಬಳಿದು ಉಳಿದ ಎನಾಮಲ್ ಬಣ್ಣ. ಅದನ್ನು ಎಷ್ಟು ಉದಾರವಾಗಿ ಸುರಿದಿದ್ದರೆಂದರೆ ಯೋಧರ ಮೂಗು, ಬಾಯಿ, ಬಂದೂಕು ಎಲ್ಲ ಏಕಾಕಾರವಾಗಿ, ಜ್ವರಕ್ಕೆ ಕೊಡುವ ಮಾತ್ರೆಗಳು ಸಾಲಾಗಿ ನಿಂತಂತಿತ್ತು. ಮುಖ್ಯ ರಥವೋ, ಒಂದು ಆಟಿಕೆಯ ರೋಡ್ ರೋಲರ್. ಅದರ ಹಣೆಯ ಮೇಲೆ ‘ಕುಪ್ಪಗಡ್ಡೆ ಗುಡುಗು’ ಎಂಬ ಬಿರುದು, ನೆತ್ತಿಯಲ್ಲಿ ಬಲೂನಿನ ಚೂರುಗಳ ತುರಾಯಿ, ಕೊರಳಿಗೆ ದಾರದಲ್ಲಿ ಪೋಣಿಸಿದ ಕೊಬ್ಬರಿ ಚೂರು. ಹೋರಿ ಹಬ್ಬ ನೋಡಿದವರಿಗೆ ವಿವರಣೆ ಬೇಡ. ಶೃಂಗಾರ ಮಾಡಿದ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಹಿಡಿದವನಿಗೆ ಕೊಬ್ಬರಿ, ಯಾರ ಕೈಗೂ ಸಿಗದೆ ದಾಟಿದರೆ ಗೆಲುವು ಹೋರಿಯದು. ಶೇಖರಪ್ಪನವರ ಮನೆಯಲ್ಲೂ ಅಂಥದೊಂದು ಹೋರಿಯಿದೆ, ಮನೆಮಂದಿಗಿಂತ ಚೆನ್ನಾಗಿ ತಿನ್ನುತ್ತದೆ.

ಯುದ್ಧ ಶುರುವಾಯಿತು. ನಾನು ಗುಡ್ಡ ಹಿಡಿದೆ, ಫಿರಂಗಿಗಳನ್ನು ಶಾಸ್ತ್ರೋಕ್ತವಾಗಿ ನಿಲ್ಲಿಸಿದೆ. ಶೇಖರಪ್ಪನವರು ಗುಡುಗನ್ನು ನೇರ ನನ್ನ ಪಡೆಯ ನಡುವೆ ನುಗ್ಗಿಸಿ, ಒಂದು ಗುಂಡನ್ನೂ ಹಾರಿಸದೆ, ಮೇಜಿನ ಈಚೆ ಅಂಚಿನಿಂದ ನನ್ನ ಮಡಿಲಿಗೇ ಬೀಳಿಸಿ ಶಿಳ್ಳೆ ಹಾಕಿದರು. ನಾನು ನಕ್ಕೆ. ರಣರಂಗ ಬಿಟ್ಟವನು ಸೋತವನೆಂಬ ನಿಯಮವನ್ನು ಸೋದಾಹರಣವಾಗಿ ವಿವರಿಸಿದೆ. ಅವರು ತಲೆಯಾಡಿಸಿ, ಮುಂದಿನ ಭಾನುವಾರವೂ ಹಾಗೆಯೇ ದಾಟಿಸಿದರು. ಅದರ ಮುಂದಿನ ವಾರವೂ ಅದೇ. ನನ್ನ ಲೆಕ್ಕದಲ್ಲಿ ನಾನು ಪ್ರತಿ ವಾರ ಗೆಲ್ಲುತ್ತಿದ್ದೆ, ಅವರ ಲೆಕ್ಕದಲ್ಲಿ ಅವರು. ಕೊನೆಗೊಂದು ದಿನ ತಾಳ್ಮೆ ತಪ್ಪಿ, ಇದು ಯುದ್ಧವಲ್ಲ, ದನ ಓಡಿಸುವುದು ಎಂದುಬಿಟ್ಟೆ. ಶೇಖರಪ್ಪನವರು ತಮ್ಮ ಮಾತ್ರೆಗಳನ್ನೆಲ್ಲ ಮಿಠಾಯಿ ಡಬ್ಬಿಗೆ ತುಂಬಿಕೊಂಡು ಸೊರಬದ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಬರಲಿಲ್ಲ. ಫೋನು ಮಾಡಿದರೆ ಅಂಗಡಿಯಲ್ಲಿ ಜನ ಇದ್ದಾರೆಂದರು. ಪೀಡೆ ತೊಲಗಿತೆಂದುಕೊಂಡು ಸೈಟಿನ ಸಹೋದ್ಯೋಗಿಯನ್ನೇ ಆಟಕ್ಕೆ ಕೂರಿಸಿದೆ. ಆತ ಅರ್ಧ ಯುದ್ಧದಲ್ಲಿ ಫೋನು ತೆಗೆದು, ನನ್ನ ಗುಡ್ಡದ ಮೇಲೆ ಚಹಾದ ಲೋಟ ಇಟ್ಟ. ಮತ್ತೆ ನಾನೊಬ್ಬನೇ ಎರಡೂ ಬದಿ ಓಡಾಡತೊಡಗಿದೆ. ಸೇನೆಯನ್ನು ತಿಂಗಳಲ್ಲಿ ಕಟ್ಟಬಹುದು, ಆದರೆ ಈ ಎರಡು ತಾಲ್ಲೂಕಿನಲ್ಲಿ ನನ್ನ ಪಾಲಿಗಿದ್ದ ಶತ್ರು ಒಬ್ಬರೇ. ಅವರು ಬರದೆ ಹೋದರೆ ಬೀರುವಿನಲ್ಲಿರುವುದೆಲ್ಲ ನಿಜಕ್ಕೂ ಬರೀ ಗೊಂಬೆ. ಆ ಯೋಚನೆ ಬಂದಾಗ ನನಗೆ ಭಯವಾಯಿತು.

ಹಾಗಾಗಿ ಬ್ಲೇಡು ತೆಗೆದೆ. ನನ್ನ ಅತ್ಯುತ್ತಮ ದಳದ, ಕಣ್ಣು ಹುಬ್ಬು ತಿದ್ದಿ ಮುಗಿಸಿದ್ದ ಯೋಧರ ಕೈಯಿಂದ ಬಂದೂಕುಗಳನ್ನು ಒಂದೊಂದಾಗಿ ಕತ್ತರಿಸಿದೆ. ಮಣಿಕಟ್ಟು ತಿರುಗಿಸಿ, ತೋಳು ಚಾಚಿಸಿ, ಹೋರಿ ಹಿಡಿಯಲು ನಿಂತವರಂತೆ ಮಾಡಿ, ಹತ್ತಿ ಹಾಸಿದ ಟಿಫಿನ್ ಡಬ್ಬಿಯಲ್ಲಿ ಮಲಗಿಸಿಕೊಂಡು ಕುಪ್ಪಗಡ್ಡೆಗೆ ಹೊರಟೆ.

ಶೇಖರಪ್ಪನವರು ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ನಾನು ಅವರ ಜಗುಲಿಯ ಮೇಲೆ ಬರಿಗೈ ಯೋಧರನ್ನು ಎರಡು ಸಾಲಾಗಿ, ನಡುವೆ ದಾರಿ ಬಿಟ್ಟು ನಿಲ್ಲಿಸಿದೆ. ಅವರು ಬಗ್ಗಿ ನೋಡಿದರು. ಒಳಗೆ ಹೋಗಿ ಗುಡುಗನ್ನು ಎತ್ತಿಕೊಂಡು ಬಂದರು. ಗುಡುಗು ಒಬ್ಬೊಬ್ಬ ಯೋಧನ ಪಕ್ಕದಲ್ಲಿ ಹಾದಾಗ ದಾಳದಲ್ಲಿ ಆರು ಬಿದ್ದರೆ ಹಿಡಿದಂತೆ, ಇಲ್ಲದಿದ್ದರೆ ದಾಟಿದಂತೆ ಎಂದು ಒಪ್ಪಂದವಾಯಿತು. ಮೊದಲ ಯೋಧನನ್ನು ದಾಟಿತು, ಎರಡನೆಯವನನ್ನೂ ದಾಟಿತು. ಕೊನೆಯವನೊಬ್ಬ ಉಳಿದಾಗ ನನಗೇ ಅದು ದಾಟಿಬಿಡಲಿ ಅನ್ನಿಸಿತು. ದಾಳದಲ್ಲಿ ಆರು ಬಿತ್ತು.

ಶೇಖರಪ್ಪನವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ದಪ್ಪ ಬೆರಳುಗಳಿಂದ ರೋಡ್ ರೋಲರಿನ ಕೊರಳಿನ ಕೊಬ್ಬರಿ ದಾರ ಬಿಚ್ಚಿ ನನ್ನ ಯೋಧನಿಗೆ ತೊಡಿಸಿದರು. ದಾರ ಉಜ್ಜಿ, ನಾನು ಉಸಿರು ಹಿಡಿದು ಹಚ್ಚಿದ ಕೆನ್ನೆಯ ಬಣ್ಣ ಕಿತ್ತುಬಂತು. ನಾನು ಆ ದಾರವನ್ನು ಅವನ ಕೊರಳಲ್ಲಿ ನೇರ ಮಾಡಿದೆ.

“ಹಿಡಿದವನಿಗೇ ಸೇರಬೇಕಲ್ರೀ,” ಎಂದರು. ಗುಡುಗನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, “ಬರೋ ಭಾನುವಾರ ನಿಮ್ಮನೇಲಿ. ಗುಡುಗನ್ನ ಹಿಡಿದೋರನ್ನ ಸುಮ್ನೆ ಬಿಡ್ತೀನಿ ಅಂದ್ಕೋಬೇಡಿ.”

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನ್ನ ಕಣ್ಣು ಒದ್ದೆಯಾಗಿತ್ತು. ನನಗೊಬ್ಬ ಶತ್ರು ಮರಳಿ ಸಿಕ್ಕಿದ್ದ.