ತಾಮ್ಲಾ ಬಿಟ್ಟ ಹೆಂಡ

ಊರೆಲ್ಲ ತಾಮ್ಲಾನನ್ನು ಕುಡುಕ ಅನ್ನುತ್ತಿದ್ದಾಗ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಹೇಳುತ್ತೇನೆ, ಕೇಳಿ. ಆ ಮನುಷ್ಯ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಹದಿಮೂರು ವರ್ಷ ಅವನನ್ನು ಕಾಳಗಕ್ಕೆ ತಯಾರು ಮಾಡಿದವನು ನಾನು. ನನಗಲ್ಲದೆ ಇನ್ನಾರಿಗೆ ಗೊತ್ತು?

ನಮ್ಮ ಲೆತ್ವೇ ಕಾಳಗದಲ್ಲಿ ಕೈಗೆ ಬಟ್ಟೆಯ ಪಟ್ಟಿ ಮಾತ್ರ. ತಲೆಯಿಂದ ತಲೆಗೆ ಗುದ್ದುವುದಕ್ಕೂ ಅಡ್ಡಿಯಿಲ್ಲ. ಎಚ್ಚರ ತಪ್ಪಿ ಬಿದ್ದರೂ ಅಲ್ಲಿಗೆ ಮುಗಿಯುವುದಿಲ್ಲ. ಬಿದ್ದವನ ಕಡೆಯವರು ಒಂದು ಸಲ ಕೈಯೆತ್ತಿ ಎರಡು ನಿಮಿಷ ಕೇಳಬಹುದು. ಅಷ್ಟರಲ್ಲಿ ಎದ್ದು ನಿಂತರೆ ಕಾಳಗ ಮುಂದುವರಿಯುತ್ತದೆ. ಆ ಎರಡು ನಿಮಿಷದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಕತ್ತಿನ ಹಿಂದೆ ಐಸು, ಮುಖಕ್ಕೆ ನೀರು, ಆಮೇಲೆ ಕಿವಿ ಹಿಂಡುವುದು. ಇವನ ಕೈ ತಗುಲಿದರೆ ಹೆಣವೂ ಎದ್ದು ಕೂರುತ್ತದೆ ಎಂದು ಪಾ-ಆನ್ ಪಟ್ಟಣದ ಸುತ್ತಮುತ್ತ ಮಾತಿತ್ತು. ಕೇಳಿ ಉಬ್ಬಿಹೋಗುತ್ತಿದ್ದೆ, ಮೂರ್ಖ. ತಾಮ್ಲಾನನ್ನು ಹೀಗೆ ಒಂಬತ್ತು ಕಾಳಗಗಳಲ್ಲಿ ಎಬ್ಬಿಸಿದ್ದೇನೆ. ಒಮ್ಮೆ ಕಣ್ಣು ಬಿಟ್ಟವನು ನನ್ನನ್ನು ಅಪ್ಪಾ ಎಂದು ಕರೆದ. ಅವನಪ್ಪ ಸತ್ತು ಆರು ವರ್ಷವಾಗಿತ್ತು. ಆದರೂ ಬೆನ್ನು ತಟ್ಟಿ ಮತ್ತೆ ಕಣದೊಳಕ್ಕೆ ತಳ್ಳಿದೆ.

ಮೂವತ್ತನಾಲ್ಕಕ್ಕೆ ಕಾಳಗ ಬಿಟ್ಟು ರಬ್ಬರ್ ತೋಟದ ಕೆಲಸಕ್ಕೆ ಸೇರಿದ. ಎರಡೇ ವರ್ಷದಲ್ಲಿ ಮನುಷ್ಯ ಬೇರೆಯೇ ಆಗಿಹೋದ. ಹಾಲು ಇಳಿಸಲು ಆಗಲೇ ಗೀರಿದ ಮರವನ್ನೇ ಮತ್ತೆ ಗೀರುತ್ತಿದ್ದ. ಮಾತು ತೊದಲುತ್ತಿತ್ತು, ಕಾಲು ಓಲಾಡುತ್ತಿತ್ತು, ಬಿಸಿಲು ಬಿದ್ದರೆ ತಲೆ ಹಿಡಿದುಕೊಂಡು ಕೂರುತ್ತಿದ್ದ. ಕಳಲೆ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಪಾತ್ರೆ ಎಸೆದು, ಸ್ವಲ್ಪ ಹೊತ್ತಿಗೆ ಇದನ್ನು ಯಾರು ಚೆಲ್ಲಿದರು ಎಂದು ಅವನೇ ಕೇಳುತ್ತಿದ್ದ. ಕುಡಿತವಲ್ಲದೆ ಇನ್ನೇನು ಎಂದು ಊರು ತೀರ್ಮಾನಿಸಿತು. ಅವನ ಹೆಂಡತಿ ಡೈನಾ ನನ್ನ ಮನೆಗೆ ಬಂದು, ನೀವು ಹಿರಿಯರು, ಇವರು ಕದ್ದು ಎಲ್ಲಿ ಕುಡಿಯುತ್ತಾರೆ ಹೇಳಿ ಎಂದು ಅತ್ತಳು. ನಿಜ ಹೇಳಿದರೆ ನನ್ನ ಹೆಸರು ಮಣ್ಣುಪಾಲಾಗುತ್ತಿತ್ತು. ಬುದ್ಧಿ ಹೇಳುತ್ತೇನೆ ಎಂದು ಸಾಗಹಾಕಿದೆ.

ಕೊನೆಗೆ ನಮ್ಮ ಚರ್ಚಿನ ಪಾಸ್ಟರು ಒಂದು ದಾರಿ ತೋರಿಸಿದರು. ತಾಮ್ಲಾ ಭಾನುವಾರ ಸಭೆಯ ಮುಂದೆ ತಪ್ಪೊಪ್ಪಿಕೊಂಡು, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು. ಮಾತು ತಪ್ಪಿದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುವುದಾಗಿ ಡೈನಾ ಹೇಳಿದಳು. ತಾಮ್ಲಾನಿಗೆ ಕುಡಿದ ನೆನಪೇ ಇರಲಿಲ್ಲ. ಆದರೆ ನೆನಪಿಲ್ಲದ್ದು ಇನ್ನೂ ಎಷ್ಟೋ ಇತ್ತಲ್ಲ. ಇಷ್ಟು ಜನ ಹೇಳುವಾಗ ಕುಡಿದೇ ಇರಬೇಕು ಎಂದುಕೊಂಡ, ಪಾಪ. ಹೆಂಡತಿ, ಮಗಳು, ಊರು, ಎಲ್ಲರ ಹತ್ತಿರವೂ ಕ್ಷಮೆ ಬೇಡಿದ. ಮೂರನೆಯ ಬೆಂಚಿನಲ್ಲಿ ಕೂತಿದ್ದ ನಾನು ಎಲ್ಲರ ಜತೆ ಆಮೆನ್ ಎಂದೆ. ಅಲ್ಲೇ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ!

ಮಾತು ಕೊಟ್ಟ ಹನ್ನೊಂದನೆಯ ದಿನ ಅವನು ಅಂಗಳದಲ್ಲಿ ಓಲಾಡಿ ಬಿದ್ದನೆಂದು ಕೇಳಿ ಓಡಿದೆ. ಡೈನಾ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಆವತ್ತು ನನ್ನ ಬಾಯಿ ತೆರೆಯಿತು. ಎಚ್ಚರ ತಪ್ಪಿದವನನ್ನು ಎಬ್ಬಿಸಿ ಕಾಳಗಕ್ಕೆ ತಳ್ಳಿದ ಒಂಬತ್ತು ಸಲವನ್ನೂ ಊರಿನ ಹೆಸರು ಸಮೇತ ಹೇಳಿದೆ.

ಅವಳು ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. “ದಿನಾ ಅವರ ಬಾಯಿ ಮೂಸಿ ನೋಡ್ತಿದ್ದೆ. ಒಂದು ದಿನಾನೂ ವಾಸನೆ ಬರಲಿಲ್ಲ. ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ. ಗೊತ್ತಿದ್ದೂ ಸುಮ್ಮನಿದ್ರಲ್ಲ, ನೀವೂ ಒಬ್ಬ ಮನುಷ್ಯರಾ?”

ಅವಳು ಗಂಟು ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಹಾಕಿದಳು.

ಆಮೇಲೆ ತಾಮ್ಲಾನ ಪಕ್ಕ ಕೂತು, ನೀನು ಯಾವತ್ತೂ ಕುಡಿದವನಲ್ಲ, ಇದು ತಲೆಗೆ ಬಿದ್ದ ಏಟು, ಬೀಳಿಸಿದವರಿಗಿಂತ ಎಬ್ಬಿಸಿದ ನನ್ನದೇ ಹೆಚ್ಚು ತಪ್ಪು ಎಂದೆ.

“ಬೇಡಣ್ಣ, ಕುಡಿತಾನೇ ಇರಲಿ,” ಎಂದ. “ಕುಡಿತ ಆದ್ರೆ ಬಿಡಬಹುದು. ನಾನು ಬಿಟ್ಟು ಆಗಲೇ ಹನ್ನೊಂದು ದಿನ ಆಯ್ತು. ಇನ್ನು ಸ್ವಲ್ಪ ದಿನ, ಸರಿಹೋಗ್ತೀನಿ. ಅಲ್ವಾ?”

ಸುಮ್ಮನಿದ್ದದ್ದಕ್ಕೆ ನನ್ನನ್ನು ಬೈದಿದ್ದ ಡೈನಾ ಅವನ ಬೆನ್ನ ಹಿಂದೆ ನಿಂತು ನನಗೆ ಕೈಮುಗಿದಳು.

“ಹೌದು ತಮ್ಮಾ, ಸರಿಹೋಗ್ತೀಯ,” ಎಂದೆ.