ಕಿಟಕಿಗೆ ಹೊಡೆದ ತಗಡು

ಬೀದಿಯವರು ಅವನನ್ನು ತಗಡಣ್ಣ ಅಂತಲೇ ಕರೆಯುತ್ತಿದ್ದರು. ಡಬ್ಬವೋ ಆಲಿಕೆಯೋ ತೂತು ಬಿದ್ದ ಬಕೆಟ್ಟೋ, ಅವನ ಬೆಸುಗೆ ಬಿದ್ದರೆ ಮುಗಿಯಿತು, ಹನಿ ಸೋರದು. ಡಬ್ಬದೊಳಗೆ ದೀಪ ಹಚ್ಚಿಟ್ಟು, ಸೂಜಿಮೊನೆಯಷ್ಟು ಬೆಳಕು ಕಂಡರೂ ಮತ್ತೆ ಬೆಸೆಯುವನು. ಮನುಷ್ಯರನ್ನೂ ಹೀಗೇ ನೋಡುತ್ತಿದ್ದ ಅನ್ನಿ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿತ್ತೆಂದೇ ಅರ್ಥ.

ಅಂಥವನ ಮನೆಗೆ ಕರೆಂಟಿನವರು ಸ್ಮಾರ್ಟ್ ಮೀಟರ್ ಕೂರಿಸಿ ಹೋದರು. ಚಕ್ರ ತಿರುಗುವುದಿಲ್ಲ, ಓದಲು ಯಾರೂ ಬರುವುದಿಲ್ಲ, ಕೆಂಪು ದೀಪ ಮಾತ್ರ ಮಿಟುಕುತ್ತದೆ.

“ಬಾಯಿಲ್ಲದ್ದು ಆಫೀಸಿಗೆ ಸುದ್ದಿ ಹೇಗೆ ಮುಟ್ಟಿಸುತ್ತೆ? ಗಾಳೀಲಿ ಏನೋ ಬಿಡ್ತಿದೆ ಕಣೇ,” ಎಂದ ಹೆಂಡತಿಗೆ.

ಎದುರು ಮನೆಯ ಮೀಟರೂ ತಮ್ಮತ್ತಲೇ ಮುಖ ಮಾಡಿತ್ತು. ಇದ್ದ ಒಂದೇ ಕಿಟಕಿಗೆ ತಗಡು ಹೊಡೆದ. ಆ ವಾರವೇ ಹೆಂಡತಿಗೆ ತಲೆನೋವು ಶುರುವಾಯಿತು. ಅವನ ಪಕ್ಕ ಕೂತು ಡಬ್ಬ ಉಜ್ಜುತ್ತಿದ್ದವಳು ಹಣೆಗೆ ಬಟ್ಟೆ ಬಿಗಿದು ಮಲಗಿಬಿಟ್ಟಳು. ಅವನ ತಲೆಯೂ ಭಾರ.

“ನಾನು ಹೇಳಲಿಲ್ವಾ?” ಎಂದ, ಗೆದ್ದವನ ಹಾಗೆ. ಒಳಗೊಳಗೆ ಜೀವ ಹಾರಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಹಗಲು ಮಲಗಿದ್ದನ್ನು ಅವನು ಕಂಡಿರಲಿಲ್ಲ.

ಮೀಟರಿಗೆ ತಗಡಿನ ಗೂಡು ಕಟ್ಟಿ, ಒಳಗೆ ತನ್ನ ಮೊಬೈಲ್ ಇಟ್ಟು, ಅವಳಿಂದ ಕರೆ ಮಾಡಿಸಿದ. ರಿಂಗಾಯಿತು. ಎಲ್ಲೋ ಸಂದಿದೆ! ಕೋಣೆಯಲ್ಲೇ ಇದ್ದಲ ಒಲೆ ಊದಿ ಎರಡನೇ ಪದರ ಬೆಸೆದ, ಮೂರನೆಯದನ್ನೂ ಬೆಸೆದ. ಪದರ ಹೆಚ್ಚಿದ ಹಾಗೆಲ್ಲ ಅವಳ ನೋವೂ ಹೆಚ್ಚಿತು. ಕೊನೆಗೆ ಅವಳ ಅಕ್ಕ ಬಂದು, “ನಾಲ್ಕು ದಿನ ನನ್ನ ಹತ್ರ ಇರಲಿ ಬಿಡಪ್ಪ,” ಎಂದು ಕರೆದೊಯ್ದಳು.

ಅಲ್ಲಿಂದಲೂ, ಅವನು ಹೇಳಿದ ಹೊತ್ತಿಗೆ ಅವಳು ಕರೆ ಮಾಡಬೇಕು. ಹತ್ತನೇ ದಿನ ಗೂಡಿನೊಳಗಿನ ಮೊಬೈಲ್ ತೆಪ್ಪಗಿತ್ತು. ಹೆಂಡತಿಯ ಕರೆ ತನಗೆ ಮುಟ್ಟಲಿಲ್ಲವೆಂದು ಕುಣಿದ ಗಂಡ ಲೋಕದಲ್ಲಿ ಅವನೊಬ್ಬನೇ ಇರಬೇಕು. ಅಂದೇ ಹೋಗಿ ಕರೆತಂದ. ಅವಳ ಮುಖಕ್ಕೆ ಕಳೆ ಬಂದಿತ್ತು.

ನಿಂತಿದ್ದ ಕೆಲಸ ಮುಗಿಸೋಣವೆಂದು ಒಲೆ ಹಚ್ಚಿ ಕೂತ. ಗಂಟೆಯೊಳಗೆ ಅವಳು ಹಣೆ ಹಿಡಿದುಕೊಂಡಳು.

“ಮತ್ತೆ ಬಂತಾ? ಇನ್ನೆಲ್ಲಿ ಸೋರ್ತಿದೆ ಇದು!” ಎಂದು ಗೂಡಿನತ್ತ ಓಡಿದ.

“ರೀ, ನಿಲ್ಲಿ. ಅಕ್ಕನ ಮನೇಲೂ ಇದೇ ಮೀಟರು, ನನ್ನ ತಲೆದಿಂಬಿನ ಮೇಲಿನ ಗೋಡೇಲೇ ಇತ್ತು. ಒಂದಿನಾನೂ ತಲೆ ನೋಯ್ಲಿಲ್ಲ. ಅಲ್ಲಿ ಕಿಟಕಿ ತೆರೆದಿತ್ತು.”

ಅವನು ಒಲೆಯನ್ನು ನೋಡಿದ, ಕಿಟಕಿಯನ್ನು ನೋಡಿದ. ಎದ್ದು ಹೋಗಿ ತಗಡು ಕಿತ್ತ. ಕೋಣೆ ತುಂಬಿದ್ದ ಹೊಗೆ ದಾರಿ ಸಿಕ್ಕಿದ್ದೇ ಹೊರಗೆ ನುಗ್ಗಿತು. ಇಷ್ಟು ವರ್ಷ ಅದು ಹೋಗುತ್ತಿದ್ದದ್ದು ಅಲ್ಲಿಂದಲೇ. ಬೇಲಿಯೇ ಎದ್ದು ಹೊಲ ಮೇದಿತ್ತು. ನಾಚಿಕೆಯಿಂದ ಅವನ ಕಿವಿ ಕೆಂಪಾದವು. ಒಲೆಯನ್ನು ಜಗುಲಿಗೆ ಹೊತ್ತು ಇಟ್ಟು ಬಂದ.

“ತಪ್ಪಾಯ್ತು ಕಣೇ.”

“ಸರಿ, ಆ ಗೂಡು?”

“ಅದಿರಲಿ. ಮೀಟರ್ ಮೇಲೆ ನಂಗಿನ್ನೂ ಅನುಮಾನ ಹೋಗಿಲ್ಲ.”

“ನಂಗೆ ನಿಮ್ಮ ಮೇಲೆ,” ಎಂದವಳು ಕಿತ್ತ ತಗಡನ್ನು ಚಾಪೆಯಡಿ ಹಾಕಿಕೊಂಡು, ಕಿಟಕಿಯ ಪಕ್ಕ, ಅದರ ಮೇಲೇ ಕೂತಳು.