ಉಪ್ಪು ಕೇಳದ ದವಾಖಾನೆ

ಬಾಲಪ್ಪ ಬಾಲಪ್ಪನಂತೆ ಇದ್ದ ಕಡೆಯ ದಿನ ಅದು. ಎದ್ದವನೇ ಮುಖ ತೊಳೆದು ಮಗ್ಗದ ಕುಣಿಗೆ ಇಳಿದಿದ್ದ. ಲಡಾಯಿಯ ಕಾಲ. ದಂಡಿಗೆ ಕಂಬಳಿ ಬೇಕೆಂದು ಗುತ್ತೇದಾರನ ಕಡೆಯವನು ಕುಷ್ಟಗಿ ಸೀಮೆಯ ಊರೂರು ತಿರುಗುತ್ತಿದ್ದ. ಅವನು ಅಳತೆಗೋಲು ಹಿಡಿದು ಇನ್ನೂ ಉದ್ದ ಬೇಕು, ಇನ್ನೂ ಉದ್ದ ಬೇಕು ಎಂದು ಕಾಡಿದಾಗ ಬಾಲಪ್ಪ ತಲೆ ಎತ್ತದೆ ಕೇಳಿದ: “ಸಿಪಾಯಿಗೆ ಹೊದಿಸಿ ಉಳಿದದ್ದು ಅವನ ಕುದುರಿಗೂ ಹೊದಿಸ್ತೀರೇನ್ರಿ?” ಒಲೆಯ ಮುಂದಿದ್ದ ಹೆಂಡತಿ ದುರಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಇಳಿಹೊತ್ತಿಗೆ ಅವನು ಮಗ್ಗದ ಮೇಲೆಯೇ ಬಿದ್ದ. ಕೈಕಾಲು ಸೆಟೆದವು. ಬಾಯಲ್ಲಿ ನೊರೆ ಬಂತು.

ಮೂರ್ಛೆರೋಗ ಅವನಿಗೆ ಮೀಸೆ ಮೂಡುವ ಮೊದಲಿನಿಂದ ಇತ್ತು. ಕೈಗೆ ಕಬ್ಬಿಣ ಕೊಟ್ಟರು, ಮೂಗಿಗೆ ಚಪ್ಪಲಿ ಹಿಡಿದರು, ತಾಯಿತ ಕಟ್ಟಿದರು. ಬಾವಿಗೆ ಇಳಿಯಬಾರದು, ಬಂಡಿ ಹೊಡೆಯಬಾರದು, ಇವನಿಗೆ ಹೆಣ್ಣು ಕೊಡಬಾರದು ಎಂದರು. ಅವನ ಪಾಲಿಗೆ ಬಿಟ್ಟದ್ದು ಮಗ್ಗ ಒಂದೇ. ಅದರಲ್ಲೇ ಊರಿಗೆಲ್ಲ ಬಿಗಿಯಾದ ಕಂಬಳಿ ನೇಯುವವನಾದ. ಆ ಹೆಸರು ಕೇಳಿಯೇ ದುರಗಮ್ಮನ ಅಪ್ಪ ಮಗಳನ್ನು ಕೊಟ್ಟ. ಪೇಟೆಯ ದವಾಖಾನೆಯ ಸೀಸೆ ಕುಡಿಯತೊಡಗಿದ ಮೇಲೆ ಮೂರ್ಛೆ ನಿಂತೇ ಹೋಗಿತ್ತು. ಗುಟುಕಿನ ಗುರುತಿಗೆ ಸೀಸೆಗೆ ಕಾಗದದ ಪಟ್ಟಿ ಅಂಟಿಸಿರುತ್ತಿದ್ದರು. ಕುಡಿದರೆ ನಾಲಿಗೆಗೆ ಉಪ್ಪುಪ್ಪು. ವರ್ಷವೊಂದು ಸುಖವಾಗಿ ಹೋಯಿತು.

ಈಗ ಮತ್ತೆ ಬಂದದ್ದಕ್ಕೆ ಪಥ್ಯ ಮಾಡದ್ದೇ ಕಾರಣ ಎಂದಳು ಅವನ ತಾಯಿ ಹುಲಿಗವ್ವ. ಔಷಧ ಕುಡಿಯುವವರಿಗೆ ಉಪ್ಪು, ಹುಳಿ, ಖಾರ ಬಿಡಿಸುವುದು ಆ ಕಡೆ ಎಲ್ಲ ಮನೆಯ ಪದ್ಧತಿ. ಮಗ ಉಳಿಯಲಿ ಎಂದೇ ಮುದುಕಿ ಹೇಳಿದ್ದು. ತಾನೂ ಅವನ ಜೊತೆ ಸಪ್ಪನೆಯ ಅಂಬಲಿಯನ್ನೇ ಕುಡಿದಳು. ದುರಗಮ್ಮನಿಗೆ ಮನಸ್ಸು ಒಪ್ಪಲಿಲ್ಲ. ಉಪ್ಪು ಪೂರಾ ಬಿಡಿಸಿದ್ದೇವೆ, ನಡೆಯುತ್ತದೆಯೇ ಎಂದು ದವಾಖಾನೆಯ ಕಂಪೌಂಡರನನ್ನು ಕೇಳಿದಳು. ಅವನು ಸೀಸೆಗೆ ಬಿರಡೆ ಒತ್ತುತ್ತಾ “ಛಲೋ ಆತು” ಎಂದ. ಕಣ್ಣೆತ್ತಿ ನೋಡಲಿಲ್ಲ. ಔಷಧದ ಅಳತೆಯನ್ನೂ ಏರಿಸಿ ಕಳಿಸಿದ.

ಬರಬರುತ್ತ ಬಾಲಪ್ಪನ ಮುಖದ ತುಂಬ ಗುಳ್ಳೆ ಎದ್ದವು. ಮಾತು ತೊದಲಿತು. ನಡೆದರೆ ಕಾಲಿಗೆ ಕಾಲು ತೊಡರುತ್ತಿತ್ತು. ಲಾಳಿ ಹಿಡಿದೇ ನಿದ್ದೆ ಹೋಗುತ್ತಿದ್ದ. ಒಮ್ಮೆ ತಾಯಿಯನ್ನೇ ನೀ ಯಾರು ಎಂದು ಕೇಳಿದ. ಸೇಂದಿಯ ಗಡಿಗೆ ಮುಟ್ಟದವನಿಗೆ ಊರು ಕುಡುಕ ಎಂದು ಹೆಸರಿಟ್ಟಿತು. ಕಂಪೌಂಡರ್ ಅವನ ಬಾಯಿ ಮೂಸಿ ನೋಡಿದ. ವಾಸನೆ ಇರಲಿಲ್ಲ. ಆದರೂ ಸೇಂದಿ ಬಿಡಿಸಿರೆಂದು ಬುದ್ಧಿ ಹೇಳಿ ಅದೇ ಔಷಧ ತುಂಬಿ ಕೊಟ್ಟ.

ಒಂದು ಬೆಳಿಗ್ಗೆ ಬಾಲಪ್ಪ ಏಳಲೇ ಇಲ್ಲ. ಉಸಿರಿತ್ತು, ಎಚ್ಚರ ಇರಲಿಲ್ಲ. ಪಕ್ಕದ ಮನೆಯ ಮಕ್ಬುಲಸಾಬ ಬಂಡಿ ಕಟ್ಟಿ ಕೊಪ್ಪಳಕ್ಕೆ ಹೊಡೆದ. ದುರಗಮ್ಮ ಔಷಧದ ಸೀಸೆ ಹಿಡಿದು ಜೊತೆಗೆ ಹೋದಳು. ಅಲ್ಲಿಯ ವಯಸ್ಸಾದ ಡಾಕ್ಟರು ಗುಳ್ಳೆ ನೋಡಿದರು, ಸೀಸೆಯ ನೀರನ್ನು ನಾಲಿಗೆಗೆ ಹಚ್ಚಿಕೊಂಡರು.

“ಉಪ್ಪು ತಿಂತಿದ್ನೇನಮ್ಮ?”

“ಇಲ್ರಿ. ಪೂರಾ ಬಿಡಿಸೇವ್ರಿ.”

ಒಂದೇ ಒಂದು ಮಾತು. ಇಷ್ಟು ದಿನ ಪೇಟೆಯ ದವಾಖಾನೆಯಲ್ಲಿ ಯಾರೂ ತಾವಾಗಿ ಕೇಳಿರಲಿಲ್ಲ.

ಇದರ ಹೆಸರು ಬ್ರೋಮೈಡ್, ಉಪ್ಪು ಬಿಟ್ಟ ಮೈಯಲ್ಲಿ ಇದು ನಿಂತುಬಿಡುತ್ತದೆ, ಕುಡಿದದ್ದೆಲ್ಲ ಕೂಡಿಕೊಂಡು ವಿಷವಾಗುತ್ತದೆ ಎಂದು ಅವರು ಹೇಳಿದರು. ದಿನವೂ ಒಂದೇ ಸಮನಾಗಿ ಉಪ್ಪು ತಿನ್ನಬೇಕು, ಬಿಡಲೂಬಾರದು, ಹೆಚ್ಚು ಮಾಡಲೂಬಾರದು. ಔಷಧವನ್ನೂ ತಮ್ಮಷ್ಟಕ್ಕೆ ತಾವು ಒಮ್ಮೆಲೇ ನಿಲ್ಲಿಸಬಾರದು. ಸೂಜಿ ಚುಚ್ಚಿ ಉಪ್ಪುನೀರು ಏರಿಸಿದರು. ಹೊತ್ತು ಮೀರಿತ್ತು. ಬಾಲಪ್ಪ ಕಣ್ಣು ತೆರೆಯಲಿಲ್ಲ.

ಗಂಡನ ದಿನಕರ್ಮ ಮುಗಿಸಿದ ಮೇಲೆ ದುರಗಮ್ಮ ಪೇಟೆಯ ದವಾಖಾನೆಗೆ ಹೋದಳು. ಹಳ್ಳಿ ಮಂದಿ ಏನೇನೋ ಪಥ್ಯ ಮಾಡಿ ತಪ್ಪು ತಮ್ಮ ಮೇಲೆ ಹಾಕುತ್ತಾರೆ ಎಂದ ಕಂಪೌಂಡರ್.

“ಉಪ್ಪು ಪೂರಾ ಬಿಡಿಸೇವಿ ಅಂತ ನಿಮ್ಮ ಮುಂದನ ಹೇಳಿದ್ನಿ. ಛಲೋ ಆತು ಅಂದ್ರಿ,” ಎಂದಳು. “ನನ್ನ ಗಂಡನ ಬಾಯಿ ಮೂಸಿದ್ರಿ. ಆ ಬಾಯಾಗ ಏನು ಹೋಗತೈತಿ ಅಂತ ಕೇಳಿದ್ರೇನು?”

ಕುಂತಿದ್ದ ಮಂದಿ ತಿರುಗಿ ನೋಡಿದರು. ಕಂಪೌಂಡರ್ ಜವಾನನನ್ನು ಕರೆದು ಅವಳನ್ನು ಹೊರಗೆ ಹಾಕಿಸಿದ.

ಕೆಳಗೇರಿಯ ಶಾಂತಕ್ಕನಿಗೂ ಅದೇ ರೋಗ, ಅದೇ ಔಷಧ. ಅವಳ ಅತ್ತೆ ಕಸ್ತೂರೆಮ್ಮ ಆಗಲೇ ಪಥ್ಯ ಹಿಡಿಸಿದ್ದಳು. ದುರಗಮ್ಮ ಕೊಪ್ಪಳದ ಮಾತು ಹೇಳಿದರೆ ಕಸ್ತೂರೆಮ್ಮ ನಂಬಲಿಲ್ಲ. ದುರಗಮ್ಮ ತಾನೇ ಶಾಂತಕ್ಕನ ಬಟ್ಟಲಿಗೆ ಉಪ್ಪು ಹಾಕಹೋದಳು.

“ನನ್ನ ಸೊಸಿಗೆ ಉಪ್ಪು ಹಾಕಾಕ ನನಗ ಕೈ ಇಲ್ಲೇನಬೇ?”

“ಕೈ ಐತಿ. ಕೈಯಾಗ ಉಪ್ಪಿಲ್ಲ.”

ಕಸ್ತೂರೆಮ್ಮ ಇವತ್ತಿಗೂ ಗೊಣಗುತ್ತಾಳೆ. ದುರಗಮ್ಮ ದಿನಾ ಬೆಳಿಗ್ಗೆ ಕೂಲಿಗೆ ಹೋಗುವ ಮೊದಲು ಆ ಮನೆಗೆ ಹೋಗಿ, ಶಾಂತಕ್ಕನ ಅಂಬಲಿಗೆ ನಿನ್ನೆಯಷ್ಟೇ ಉಪ್ಪು ಹಾಕಿ ಕಲಸಿ, ಬಟ್ಟಲು ಬರಿದಾಗುವತನಕ ಎದುರಿಗೇ ನಿಲ್ಲುತ್ತಾಳೆ.